ಎಂಬಿಎ ಕ್ಲಾಸಲ್ಲಿ ಬರೀ ಪಿಪಿಟಿ ಓದ್ತಾರೆ, ಮುಂದುವರಿಸಲಾ ಬಿಡಲಾ?

ಗದಗಿನ ಹುಡುಗ:
ಬಿಕಾಂ ಆದಮೇಲೆ ಎರಡು ವರ್ಷ ಹತ್ತಿ ಮಿಲ್ಲೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ. ಆಮೇಲೆ ಪಿಜಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಹುಬ್ಬಳ್ಳಿಯ ಒಂದು ಕಾಲೇಜಿಗೆ ಎಂಬಿಎ ಸೇರಿದೆ, ದಿನಾ ಗದಗದಿಂದ ಬಸ್ಸಿನಲ್ಲಿ ಓಡಾಟ. ಒಂದು ಸೆಮಿಸ್ಟರ್ ಮುಗಿಯಿತು. ಸತ್ಯ ಹೇಳಬೇಕಂದ್ರೆ ಮಿಲ್ಲಿನಲ್ಲಿ ಕಲಿತಷ್ಟೂ ಇಲ್ಲಿ ಕಲಿತಿಲ್ಲ. ಮಾರ್ಕೆಟಿಂಗ್ ಸರ್ ಸ್ಲೈಡ್ ಹಾಕಿ ಓದುತ್ತಾರೆ, ನಾವು ಮೊಬೈಲಲ್ಲಿ ಫೋಟೋ ಹೊಡೆದುಕೊಳ್ಳುತ್ತೇವೆ. ಫೈನಾನ್ಸ್ ಕಲಿಸುತ್ತಿದ್ದ ಗೆಸ್ಟ್ ಲೆಕ್ಚರರ್ ನಡುವೆಯೇ ಬಿಟ್ಟು ಹೋದರು, ಹೊಸಬರು ಬಂದು ಮತ್ತೆ ಮೊದಲ ಯೂನಿಟ್ಟಿನಿಂದ ಶುರು ಮಾಡಿದರು, ಕೊನೆಯ ಎರಡು ಯೂನಿಟ್ ಹಾಗೇ ಉಳಿದವು. ಗೇಟಿನ ಮೇಲೆ ಮಾತ್ರ ಕಾಲೇಜಿನ ಗುಣಮಟ್ಟಕ್ಕೆ ಕೊಡುವ ನ್ಯಾಕ್ ಗ್ರೇಡಿನ ದೊಡ್ಡ ಬ್ಯಾನರ್! ಬಿಟ್ಟು ಕೆಲಸಕ್ಕೆ ವಾಪಸ್ ಹೋಗಲಾ?

ಸಪ್ತಾಪುರದ ಅಕ್ಕ:
ತಮ್ಮಾ, ಆ ಬ್ಯಾನರ್ ನೋಡಿ ಮೋಸ ಹೋಗಬೇಡ. ನ್ಯಾಕ್ ನೋಡುವುದು ಇಡೀ ಕಾಲೇಜನ್ನು. ನಿನ್ನ ಎಂಬಿಎ ಕೋರ್ಸನ್ನೇ ತೂಗಿ ನೋಡುವುದು ಇನ್ನೊಂದು ಮಂಡಳಿ, ಎನ್‌ಬಿಎ. ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ಅನುಮೋದನೆ ಅಂದ್ರೆ ಕೋರ್ಸ್ ನಡೆಸಲು ಒಪ್ಪಿಗೆ, ಚೆನ್ನಾಗಿ ಕಲಿಸುತ್ತಾರೆ ಅನ್ನೋ ಗ್ಯಾರಂಟಿ ಅಲ್ಲ. ನಾನಾದರೆ ಲೈಬ್ರರಿಗೆ ಹೋಗಿ ಸೀನಿಯರ್‌ಗಳ ಪ್ರಾಜೆಕ್ಟ್ ರಿಪೋರ್ಟ್ ನಾಲ್ಕು ತೆಗೆದು ನೋಡುತ್ತಿದ್ದೆ. ನಾಲ್ಕರಲ್ಲೂ ಅದೇ ಮುನ್ನುಡಿ, ಅದೇ ಪೈ ಚಾರ್ಟ್, ಕಂಪನಿ ಹೆಸರು ಮಾತ್ರ ಬೇರೆ ಅಂದ್ರೆ ಪ್ರಾಜೆಕ್ಟ್ ಮಾಡಿಸುವ ಮೇಷ್ಟ್ರು, ಅಂದ್ರೆ ಗೈಡ್, ಯಾರೂ ಓದಿಲ್ಲ ಅಂತ ತಿಳ್ಕೋ. ನಮ್ಮ ಬ್ಯಾಚಲ್ಲಿ ಒಬ್ಬನ ರಿಪೋರ್ಟಿನ ಹದಿನೇಳನೇ ಪುಟದಲ್ಲಿ ಹಳೇ ಹುಡುಗನ ಹೆಸರು ಹಾಗೇ ಉಳಿದಿತ್ತು, ಅವನು ಪಾಸೂ ಆದ.

ಕಡ್ಡಿ ಡಬ್ಬಿ:
ನಮ್ಮದು ಬ್ಯಾಡಗಿ, ಮನೆಯಲ್ಲಿ ಮೆಣಸಿನಕಾಯಿ ವ್ಯಾಪಾರ, ನಾನೂ ಎಂಬಿಎ ಮಾಡಿದವನೇ. ನಮಗೊಬ್ಬರು ಮೇಡಂ ಇದ್ದರು, ಪಿಪಿಟಿ ಮುಟ್ಟುತ್ತಿರಲಿಲ್ಲ. ಒಂದಿನ ಬೋರ್ಡಿನ ಮೇಲೆ ಇಷ್ಟೇ ಬರೆದರು: ‘ರೇಟು ಬಿದ್ದಿದೆ. ರೈತ ಇವತ್ತೇ ಮಾರಬೇಕಾ, ಕೋಲ್ಡ್ ಸ್ಟೋರೇಜಲ್ಲಿ ಇಡಬೇಕಾ?’ ಬಾಡಿಗೆ, ಸಾಲದ ಬಡ್ಡಿ, ಬಣ್ಣ ಮಾಸಿದರೆ ಆಗುವ ನಷ್ಟ, ಎಲ್ಲಾ ನಾವೇ ಲೆಕ್ಕ ಹಾಕಬೇಕು. ಬ್ಯಾಡಗಿ ಕಾಯಿಗೆ ಖಾರಕ್ಕಿಂತ ಬಣ್ಣಕ್ಕೇ ಬೆಲೆ ಅಲ್ವಾ, ಆ ಮಾತು ಎತ್ತಿದವನು ನಾನು, ಆಮೇಲೆ ಇಡೀ ಕ್ಲಾಸಿನ ಲೆಕ್ಕವೇ ತಲೆಕೆಳಗಾಯಿತು. ವರ್ಕಿಂಗ್ ಕ್ಯಾಪಿಟಲ್ (ದಿನದ ವ್ಯಾಪಾರ ನಡೆಸಲು ಬೇಕಾದ ದುಡ್ಡು) ಅಂದ್ರೆ ಏನು ಅಂತ ನನಗೆ ಗೊತ್ತಾಗಿದ್ದು ಅವತ್ತು. ಅಂಥವರು ನಿಮ್ಮಲ್ಲಿ ಒಬ್ಬರಾದರೂ ಇದ್ದಾರಾ ನೋಡಿ, ಇದ್ದರೆ ಪ್ರಾಜೆಕ್ಟಿಗೆ ಅವರನ್ನೇ ಹಿಡಿಯಿರಿ.

ಅಮರಗೋಳ:
ಸುಮ್ನೆ ಬಿಡಬೇಡ್ರಿ. ಕಟ್ಟಿದ ಫೀ ವಾಪಸ್ ಬರಲ್ಲ, ಡಿಗ್ರಿ ಕೇಳುವ ಕಡೆ ಡಿಗ್ರಿ ಬೇಕೇ ಬೇಕು. ಎಕ್ಸೆಲ್ ಮನೆಯಲ್ಲೇ ಕಲಿಯಿರಿ.

ಗದಗಿನ ಹುಡುಗ:
ಅಕ್ಕಾ, ಲೈಬ್ರರಿಗೆ ಹೋಗಿದ್ದೆ. ಆರು ರಿಪೋರ್ಟ್ ನೋಡಿದೆ, ಐದರಲ್ಲಿ ಒಂದೇ ಪ್ರಶ್ನಾವಳಿ. ಆರನೆಯದು ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನ ದಾಸ್ತಾನಿನ ಬಗ್ಗೆ, ಅಂಚಿನಲ್ಲೆಲ್ಲ ಗೈಡಿನ ಪೆನ್ಸಿಲ್ ಗುರುತು. ಆ ಗೈಡ್ ಈಗಲೂ ನಮ್ಮ ಕಾಲೇಜಲ್ಲೇ ಇದ್ದಾರೆ, ಮೂರನೇ ಸೆಮಿಸ್ಟರಿಗೆ ಪಾಠಕ್ಕೆ ಬರ್ತಾರಂತೆ. ನಾಳೆ ಹೋಗಿ ಮಾತಾಡುತ್ತೇನೆ.