ಬಾಣಂತಿ ಕೋಣೆಯಲ್ಲಿ ಕೂಸಿನ ಫೋಟೊ: ಬೆಳಕು ಎಲ್ಲಿಂದ ತರಲಿ?

ಪ್ರಶ್ನೆ: ಬೆಟಗೇರಿಯ ಸೋದರಮಾವ

ನನ್ನ ತಂಗಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಹೆಣ್ಣು ಕೂಸು, ಹುಟ್ಟಿ ಇಂದಿಗೆ ಆರು ದಿನ. ನನ್ನ ಹತ್ತಿರ ಕ್ಯಾನನ್ 1500ಡಿ ಕ್ಯಾಮೆರಾ, ಅದರ ಜೊತೆ ಬಂದ 18-55 ಲೆನ್ಸ್, ಹೋದ ವರ್ಷ ಕೊಂಡ 50 ಎಂಎಂ ಎಫ್ 1.8 ಲೆನ್ಸ್ ಇವೆ. ಇಲ್ಲಿಯವರೆಗೆ ತೆಗೆದದ್ದೆಲ್ಲ ಲಕ್ಕುಂಡಿಯ ಗುಡಿಗಳು, ಕಪ್ಪತಗುಡ್ಡದ ಮೋಡಗಳು. ಕಲ್ಲಿನ ಕಂಬ ಅಲುಗುವುದಿಲ್ಲ. ಈ ಕೂಸು ನಿದ್ದೆಯಲ್ಲೂ ಕೈ ಕೊಡವುತ್ತದೆ.

ನಮ್ಮದು ಹಳೆಯ ಮಣ್ಣಿನ ಗೋಡೆಯ ಮನೆ. ಬಾಣಂತಿ ಕೋಣೆಗೆ ಒಂದೇ ಕಿಟಕಿ. ಗಾಳಿ ತಾಗುತ್ತದೆಂದು ಅಜ್ಜಿ ಅದನ್ನು ತೆರೆಯಗೊಡುವುದಿಲ್ಲ. ಬಲ್ಬಿನ ಬೆಳಕಿನಲ್ಲಿ ನಲವತ್ತು ಚಿತ್ರ ತೆಗೆದೆ. ಮೈಯೆಲ್ಲ ಅರಿಸಿನ ಬಳಿದಂತೆ ಹಳದಿ, ಕೈಗಳು ಮಸುಕು. ಒಮ್ಮೆ ಫ್ಲ್ಯಾಶ್ ಹಾಕಿದೆ. ಕೂಸು ಬೆಚ್ಚಿಬಿದ್ದಿತು, ಅವ್ವ ಗದರಿದಳು. ಅಜ್ಜಿಗೆ ದೃಷ್ಟಿಯ ಭಯ ಬೇರೆ. ಗಲ್ಲಕ್ಕೆ ಎರಡೂ ಕೈ ಊರಿ ಮಲಗಿದ ಕೂಸುಗಳ ಚಿತ್ರ ನೋಡಿದ್ದೇನೆ, ಅದು ಹೇಗೆ?

ಕೂಸಿನ ಅಪ್ಪ ದೂರದ ಊರಿನಲ್ಲಿ ಕೆಲಸದಲ್ಲಿದ್ದಾರೆ, ಬರುವುದು ಹೆಸರಿಡುವ ದಿನಕ್ಕೇ. ಅವರು ನೋಡದೆ ಹೋಗುವ ಈ ಹದಿಮೂರು ದಿನಗಳನ್ನು ಅವರಿಗಾಗಿ ತೆಗೆದಿಡಬೇಕು.

ಉತ್ತರ: ಹುಬ್ಬಳ್ಳಿಯ ಮದುವೆ ಫೋಟೊಗ್ರಾಫರ್

ಮೊದಲು ಆ ಬಲ್ಬ್ ಆರಿಸಿ. ಹಗಲು ಬೆಳಕಿಗೆ ಬಲ್ಬಿನ ಹಳದಿ ಬೆರೆತರೆ ಬೆಳಕಿಗೆ ತಕ್ಕಂತೆ ಬಣ್ಣ ಸರಿದೂಗಿಸುವ ಯಾವ ವೈಟ್ ಬ್ಯಾಲೆನ್ಸೂ ಪೂರ್ತಿ ಸರಿಹೋಗದು. ಫ್ಲ್ಯಾಶ್ ಮರೆತುಬಿಡಿ.

ಅಜ್ಜಿಯೊಂದಿಗೆ ವಾದ ಬೇಡ. ಎಣ್ಣೆ ಹಚ್ಚಿ ಎರೆದು, ಹಾಲು ಕುಡಿಸಿದ ಮೇಲೆ ಕೂಸಿಗೆ ಬರುವ ನಿದ್ದೆ ಇದೆಯಲ್ಲ, ಅದಕ್ಕಿಂತ ಒಳ್ಳೆಯ ಹೊತ್ತು ನಿಮಗೆ ಸಿಗುವುದಿಲ್ಲ. ಆಗ ಪಡಸಾಲೆಗೆ ತರಲು ಕೇಳಿಕೊಳ್ಳಿ. ತಲಬಾಗಿಲಿನಿಂದ ನಾಲ್ಕೈದು ಅಡಿ ಒಳಗೆ ಹಾಸಿಗೆ ಹಾಕಿ, ಬಾಗಿಲಿಗೆ ತೆಳುವಾದ ಬಿಳಿ ಧೋತರ ಕಟ್ಟಿ. ಗಾಳಿಗೂ ತಡೆ, ಬೆಳಕೂ ಮೆತ್ತಗಾಗುತ್ತದೆ. ಕೂಸಿನ ತಲೆ ಬಾಗಿಲ ಕಡೆಗೆ ಓರೆಯಾಗಿರಲಿ. ಮೂಗಿನ ನೆರಳು ತುಟಿಯತ್ತ ಬೀಳಬೇಕು. ಕಾಲಿನ ಕಡೆಯಿಂದ ಬೆಳಕು ಬಂದರೆ ನೆರಳು ಹಣೆಗೆ ಏರಿ ಮುಖದ ಕಳೆಯೇ ಕೆಡುತ್ತದೆ.

50 ಎಂಎಂ ಲೆನ್ಸ್ ಹಾಕಿ, ಅದರೊಳಗೆ ಬೆಳಕು ಬರುವ ಕಿಂಡಿಯನ್ನು ಎಫ್ 2.8ಕ್ಕೆ ಇಡಿ. ಕಿಂಡಿ ಇನ್ನೂ ಅಗಲವಾಗುವ 1.8ರಲ್ಲಿ ಅಷ್ಟು ಹತ್ತಿರ ಹೋದರೆ ಕಣ್ಣು ಸ್ಪಷ್ಟವಿದ್ದರೂ ಮೂಗು ಮಸುಕಾಗುತ್ತದೆ. ಷಟರ್ ವೇಗ ಸೆಕೆಂಡಿನ 1/200ಕ್ಕಿಂತ ಇಳಿಯದಿರಲಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಚುರುಕು) 1600ಕ್ಕೆ ಏರಿದರೂ ಅಂಜಬೇಡಿ. ಸ್ವಲ್ಪ ಕಾಳುಕಾಳಾದ ಚಿತ್ರವನ್ನು ಆಮೇಲೆ ತಿದ್ದಬಹುದು, ಅಲುಗಿದ ಚಿತ್ರವನ್ನು ತಿದ್ದಲಾಗದು. ಇನ್ನೊಂದು ಮಾತು: ಪಕ್ಕದಲ್ಲಿ ಕೆಂಪು ಇಳಕಲ್ ಸೀರೆ ಉಟ್ಟವರು ಕುಳಿತರೆ ಆ ಕೆಂಪು ಕೂಸಿನ ಕೆನ್ನೆಗೆ ಹೊಡೆಯುತ್ತದೆ.

ಉತ್ತರ: ಹಾವೇರಿಯ ನರ್ಸ್

ತಮ್ಮಾ, ಹಳದಿ ಬಲ್ಬಿನದು ಎಂದು ಅಷ್ಟಕ್ಕೇ ಬಿಡಬೇಡ. ಮೊದಲ ವಾರದಲ್ಲಿ ಕೂಸುಗಳಿಗೆ ಕಾಮಾಲೆ ಕಾಣಿಸಿಕೊಳ್ಳುವುದು ಸಾಮಾನ್ಯ. ಬಹಳಷ್ಟು ಕೂಸುಗಳಿಗೆ ತಾನಾಗಿ ಇಳಿಯುತ್ತದೆ, ಕೆಲವಕ್ಕೆ ಚಿಕಿತ್ಸೆ ಬೇಕಾಗುತ್ತದೆ. ಹಗಲು ಬೆಳಕಿಗೆ ತಂದು ಕಣ್ಣಿನ ಬಿಳಿ ಭಾಗ ನೋಡು. ಹಳದಿ ಕಂಡರೆ ಇಂದೇ ಮಕ್ಕಳ ವೈದ್ಯರಿಗೆ ತೋರಿಸು, ಫೋಟೊ ಆಮೇಲೆ.

ಗಲ್ಲಕ್ಕೆ ಕೈ ಊರಿದ ಚಿತ್ರದ ಮಾತು. ಒಮ್ಮೆ ಕೂಸಿನ ತಲೆಯನ್ನು, ಇನ್ನೊಮ್ಮೆ ಅದರ ಮುಂಗೈಗಳನ್ನು ಯಾರಾದರೂ ಹಿಡಿದಿರುತ್ತಾರೆ. ಎರಡು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಕೂಡಿಸಿ, ಹಿಡಿದವರ ಕೈ ಅಳಿಸಿಬಿಡುತ್ತಾರೆ. ಕತ್ತು ನಿಲ್ಲದ ಕೂಸಿನ ಮೇಲೆ ನೀನು ಅದನ್ನು ಮಾಡಲೇಕೂಡದು. ಕೈ ಕೊಡವುವುದು ಆ ವಯಸ್ಸಿನ ಸಹಜ ಗುಣ. ಮೆತ್ತನೆಯ ಬಟ್ಟೆಯಲ್ಲಿ ಹಗುರವಾಗಿ ಸುತ್ತಿದರೆ ಕಡಿಮೆಯಾಗುತ್ತದೆ, ಕಾಲುಗಳನ್ನು ಮಾತ್ರ ಬಿಗಿಯಬೇಡ. ಮೇಲಿನಿಂದ ತೆಗೆಯುವಾಗ ಕ್ಯಾಮೆರಾದ ಪಟ್ಟಿ ನಿನ್ನ ಕೊರಳಲ್ಲಿರಲಿ. ಲೋಬಾನದ ಹೊಗೆ ಚಿತ್ರದಲ್ಲಿ ಚೆಂದ ಕಾಣುತ್ತದೆಂದು ಹಾಕಿಸಬೇಡ, ಎಳೆಯ ಎದೆಗೆ ಅದು ಒಳ್ಳೆಯದಲ್ಲ.

ಉತ್ತರ: ಧಾರವಾಡದಿಂದ

ಇಂಥ ಚಿತ್ರಗಳಿಗೆ ಕೂಸನ್ನು ಬುಟ್ಟಿಯಲ್ಲಿ ಮಲಗಿಸುತ್ತಾರೆ, ನಿಮಗೆ ಬುಟ್ಟಿ ಏಕೆ? ಮನೆಯ ಕೌದಿ ಹಾಸಿ. ಕಲಘಟಗಿಯ ಬಣ್ಣದ ತೊಟ್ಟಿಲಿದ್ದರೆ ಅದೂ ಬರಲಿ. ಅಜ್ಜಿ ಮುಖ ಬೇಡವೆಂದರೆ ಪಾದ ತೆಗೆಯಿರಿ. ಆ ಸುಕ್ಕು, ಸುಲಿಯುತ್ತಿರುವ ಚರ್ಮ ಎಲ್ಲ ತಿಂಗಳೊಪ್ಪತ್ತಿನಲ್ಲಿ ಹೋಗಿಬಿಡುತ್ತದೆ.

ಮತ್ತೆ: ಬೆಟಗೇರಿಯ ಸೋದರಮಾವ

ಮೂರು ದಿನದ ಮೇಲೆ ಬರೆಯುತ್ತಿದ್ದೇನೆ. ಅಕ್ಕಾ, ಓದಿದ ಕೂಡಲೇ ಕೂಸನ್ನು ಬೆಳಕಿಗೆ ತಂದು ನೋಡಿದೆವು. ಕಣ್ಣಿನ ಬಿಳಿ ನಿಜಕ್ಕೂ ತುಸು ಹಳದಿಯಾಗಿತ್ತು. ವೈದ್ಯರು ರಕ್ತ ಪರೀಕ್ಷೆ ಮಾಡಿಸಿ, ಚಿಕಿತ್ಸೆಯ ಮಟ್ಟಕ್ಕೆ ಹೋಗಿಲ್ಲ, ಮೇಲಿಂದ ಮೇಲೆ ಹಾಲು ಕುಡಿಸಿ ಮತ್ತೆ ಕರೆತನ್ನಿ ಎಂದರು. ನಿನ್ನೆ ತೋರಿಸಿದೆವು, ಇಳಿಯುತ್ತಿದೆ. ಅಲ್ಲಿಯವರೆಗೆ ನಾನು ಕ್ಯಾಮೆರಾ ಮುಟ್ಟಲಿಲ್ಲ. ನಿಮ್ಮ ಉಪಕಾರ ದೊಡ್ಡದು.

ಇಂದು ಬೆಳಿಗ್ಗೆ ಎರೆದ ಮೇಲೆ ಪಡಸಾಲೆಗೆ ತಂದೆವು. ತೀರಿಹೋದ ಅಜ್ಜನ ಧೋತರವನ್ನು ಅಜ್ಜಿಯೇ ಪೆಟ್ಟಿಗೆಯಿಂದ ತೆಗೆದುಕೊಟ್ಟಳು. ಮುಖ ಬೇಡ ಎಂದಳು, ಪಾದ ತೆಗೆದೆ. ಕೌದಿ ಸರಿಪಡಿಸಲು ಅವಳು ಕೈ ಚಾಚಿದಾಗ ಕೂಸು ಅವಳ ತೋರುಬೆರಳು ಹಿಡಿದುಕೊಂಡಿತು. ಐವತ್ತು ವರ್ಷ ಮಗ್ಗದ ನೂಲು ಕೊರೆದ ಗೆರೆಗಳಿವೆ ಆ ಬೆರಳಿನಲ್ಲಿ. ಎಫ್ 2.8, 1/200, ಐಎಸ್‌ಒ 800. ಕೂಸಿನ ಅಪ್ಪನಿಗೆ ಮೊದಲು ಕಳಿಸಿದ್ದು ಅದನ್ನೇ.

ಕಲಘಟಗಿ ತೊಟ್ಟಿಲು ಮನೆಯಲ್ಲಿದೆ. ಆದರೆ ಕೂಸನ್ನು ಅದಕ್ಕೆ ಹಾಕುವುದು ಹೆಸರಿಡುವ ದಿನ, ಅದೂ ಸಂಜೆ, ಟ್ಯೂಬ್‌ಲೈಟಿನಲ್ಲಿ, ಸುತ್ತ ಮೂವತ್ತು ಜನ. ಹುಬ್ಬಳ್ಳಿಯ ಅಣ್ಣಾ, ಅಂದು ಬೆಳಕಿಗೆ ಏನು ಮಾಡಲಿ?