ತಮ್ಮನ ಜೊತೆ ಈ ಮಾತು ಯಾರು ಆಡಬೇಕು?

ಜೇವರ್ಗಿ ಅಕ್ಕ:
ತಮ್ಮನಿಗೆ 17, ಸೆಕೆಂಡ್ ಪಿಯುಸಿ. ಅಪ್ಪ ಅವ್ವ ಊರಲ್ಲಿ ತೊಗರಿ ಹೊಲ ನೋಡಿಕೊಳ್ಳುತ್ತಾರೆ. ಇವನು ಕಲಬುರಗಿಯಲ್ಲಿ ನನ್ನ ಹತ್ತಿರ ಇದ್ದಾನೆ. ದೀಪಾವಳಿ ಆದಾಗಿನಿಂದ ಹುಡುಗ ಸೊರಗಿ ಹೋಗಿದ್ದಾನೆ. ಊಟ ಬೇಡ, ಕ್ರಿಕೆಟ್ ಬೇಡ.

ಹಾಸಿಗೆ ಕೊಡವುವಾಗ ದಿಂಬಿನ ಕೆಳಗೆ ಕಂದು ಪುಡಿಯ ಪೊಟ್ಟಣ ಸಿಕ್ಕವು. ಮೇಲೆ ಹೆಸರಿಲ್ಲ, ಏನಿಲ್ಲ. ಬಹಳ ಕೇಳಿದ ಮೇಲೆ ಬಾಯಿ ಬಿಟ್ಟ. ನಿದ್ದೆಯಲ್ಲಿ ವೀರ್ಯ ಹೋಗುತ್ತದಂತೆ. ಒಂದು ಹನಿ ಹೋದರೆ ನಲವತ್ತು ಹನಿ ರಕ್ತ ಹೋದ ಹಾಗೆ ಅಂತ ಗೆಳೆಯರು ತಲೆಗೆ ತುಂಬಿದ್ದಾರೆ. ಅವರಲ್ಲೇ ಒಬ್ಬ ಗೋಡೆಯ 'ಗುಪ್ತರೋಗ' ಪೋಸ್ಟರ್ ನೋಡಿ ಕರೆದುಕೊಂಡು ಹೋಗಿದ್ದಾನೆ. ಟ್ಯೂಷನ್ ದುಡ್ಡೆಲ್ಲ ಅಲ್ಲಿಗೇ ಹೋಗಿದೆ.

"ನಾನು ಮದುವೆಗೆ ಲಾಯಕ್ಕಿಲ್ಲ ಅಕ್ಕಾ, ಇದ್ದು ಏನು ಮಾಡಲಿ" ಅಂದ.

ಅಪ್ಪನಿಗೆ ಗೊತ್ತಾದರೆ ಹೊಡೆಯುತ್ತಾರೆ. ಗೆಳೆಯರ ಸಂಗ ಬಿಡಿಸಲಾ? ಹೆಣ್ಣಾಗಿ ನಾನು ಮಾತಾಡಿದರೆ ನಡೆಯುತ್ತಾ?

ಆಪ್ತ ಸಮಾಲೋಚಕ, ಯಾದಗಿರಿ:
ತಂಗಿ, "ಇದ್ದು ಏನು ಮಾಡಲಿ" ಅಂದನಲ್ಲ, ಮೊದಲು ಅದನ್ನು ಹಿಡಿಯಿರಿ. ಸಾಯುವ ವಿಚಾರ ಬರುತ್ತಾ ಅಂತ ನೇರವಾಗಿ ಕೇಳಿ. ಕೇಳಿದ್ದಕ್ಕೇ ತಲೆಗೆ ಹೊಕ್ಕೀತು ಅನ್ನುವ ಭಯ ಬೇಡ. ಹೌದು ಅಂದರೆ ಒಬ್ಬನನ್ನೇ ಬಿಡಬೇಡಿ, ಅವತ್ತೇ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಹಚ್ಚಬಹುದು, ಪುಕ್ಕಟೆ.

ನಿದ್ದೆಯಲ್ಲಿ ವೀರ್ಯ ಹೋಗುವುದು ರೋಗವೇ ಅಲ್ಲ. ರಕ್ತಕ್ಕೂ ಅದಕ್ಕೂ ಸಂಬಂಧ ಇಲ್ಲ. ಹುಡುಗ ಸೊರಗಿದ್ದು ಹೆದರಿಕೆಯಿಂದ, ಊಟ ನಿದ್ದೆ ಬಿಟ್ಟದ್ದರಿಂದ. ನಮ್ಮ ದೇಶದಲ್ಲಿ ಈ ಹೆದರಿಕೆ ಎಷ್ಟು ಜನರಿಗಿದೆ ಅಂದರೆ, 1960ರಲ್ಲೇ ಮನೋವೈದ್ಯ ಎನ್.ಎನ್. ವಿಗ್ ಅದಕ್ಕೆ 'ಧಾತ್ ಸಿಂಡ್ರೋಮ್' ಅಂತ ಹೆಸರಿಟ್ಟರು. ಪುಡಿ ಇವತ್ತೇ ನಿಲ್ಲಿಸಿ. ಎಸೆಯಬೇಡಿ, ಡಾಕ್ಟರಿಗೆ ತೋರಿಸಿ. ಮುಂದೆ ಸರ್ಕಾರಿ ಆಸ್ಪತ್ರೆಯ ಸ್ನೇಹಾ ಕ್ಲಿನಿಕ್ಕಿಗೂ ಹೋಗಬಹುದು, ಅದು 10ರಿಂದ 19 ವಯಸ್ಸಿನವರಿಗೇ ಇರುವುದು.

ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ) ಓದಿದವಳು, ಬೀದರ್:
ಸಂಗ ಬಿಡಿಸಬೇಡಿ ಅಕ್ಕಾ. ಓದುವಾಗ ನನಗೆ ಬಹಳ ಹಿಡಿಸಿದ್ದೊಂದು ಹೇಳುತ್ತೇನೆ. ಅಮೆರಿಕದ ಜಾರ್ಜಿಯಾ ರಾಜ್ಯದ ಹಳ್ಳಿಗಳಲ್ಲಿ ಕಪ್ಪು ಜನಾಂಗದ ಕುಟುಂಬಗಳಿಗೆ ಅಂತ ಜೀನ್ ಬ್ರೋಡಿ, ವೆಲ್ಮಾ ಮ್ಯಾಕ್‌ಬ್ರೈಡ್ ಮರ್ರಿ ಮುಂತಾದವರು ಒಂದು ಕಾರ್ಯಕ್ರಮ ಕಟ್ಟಿದರು. 11 ವರ್ಷದ ಮಕ್ಕಳು, ಅವರ ಅವ್ವಂದಿರು, 7 ವಾರ. ಮೊದಲು ಬೇರೆ ಬೇರೆ ಕೂರುತ್ತಾರೆ, ಆಮೇಲೆ ಒಟ್ಟಿಗೆ. ಲೈಂಗಿಕ ವಿಷಯ, ಕುಡಿತ, ಗೆಳೆಯರ ಒತ್ತಾಯ, ಎಲ್ಲ ಮಾತಾಡುತ್ತಾರೆ. ಬಣ್ಣದ ಕಾರಣಕ್ಕೆ ಯಾರಾದರೂ ಅವಮಾನ ಮಾಡಿದರೆ ಹೇಗೆ ಎದುರಿಸಬೇಕು ಅನ್ನುವುದನ್ನೂ ಅವ್ವಂದಿರೇ ಹೇಳಿಕೊಡುತ್ತಾರೆ. ಹೀಗೆ ಮನೆಯಲ್ಲಿ ಮಾತು, ನಿಗಾ ಜಾಸ್ತಿ ಆದ ಮೇಲೆ ಆ ಮಕ್ಕಳಲ್ಲಿ ಕುಡಿತಕ್ಕೆ ಕೈ ಹಾಕಿದವರು ಕಡಿಮೆ ಆದರು.

ಅವರ ಕಷ್ಟ ಬೇರೆ, ನಮ್ಮದು ಬೇರೆ. ಆದರೆ ಗೆಳೆಯರು ಹೇಳಿದ್ದನ್ನು ಮನೆಗೆ ಬಂದು ಕೇಳುವ ಧೈರ್ಯ ಮಗುವಿಗೆ ಇರಬೇಕು, ಅಲ್ವಾ? ನಿಮ್ಮ ತಮ್ಮ ನಿಮ್ಮ ಮುಂದೆ ಬಾಯಿ ಬಿಟ್ಟಿದ್ದಾನೆ. ನೀವೇ ಮಾತಾಡಿ.

ಚಿತ್ತಾಪುರ ಕಾಕಾ:
ಎದುರು ಕೂಡಿಸಿ ವಿಚಾರಣೆ ಮಾಡಬೇಡವ್ವ. ನೀನು ರೊಟ್ಟಿ ಬಡಿಯುತ್ತಾ ಕೇಳು. ಮುಖ ನೋಡದೆ ಇದ್ದರೆ ಗಂಡು ಹುಡುಗರು ಹೇಳುತ್ತಾರೆ. ಅಪ್ಪನಿಗೆ ಸೋದರಮಾವನಿಂದ ಹೇಳಿಸು. ಆ ಗೆಳೆಯನನ್ನೂ ಕೇಳು, ಅವನೂ ಅದೇ ಪುಡಿ ತಿನ್ನುತ್ತಿರಬೇಕು.

ಜೇವರ್ಗಿ ಅಕ್ಕ:
ಕೇಳಿದೆ. ಸಾಯುವ ವಿಚಾರ ಬಂದಿತ್ತಂತೆ. ಈಗಲೇ ಆಸ್ಪತ್ರೆಗೆ ಹೊರಟಿದ್ದೇವೆ, ಪೊಟ್ಟಣ ಚೀಲದಲ್ಲಿದೆ. ಮಾವ ಸೀದಾ ಅಲ್ಲಿಗೇ ಬರುತ್ತಿದ್ದಾರೆ. ಗೆಳೆಯನೂ ತಿನ್ನುತ್ತಿದ್ದಾನೆ ಕಾಕಾ, ಅವನನ್ನೂ ಆಟೋದಲ್ಲಿ ಹತ್ತಿಸಿಕೊಂಡಿದ್ದೇನೆ.