ಸಹಾಯ ಬೇಕು: ಮಂಡಿಯಿಂದ ನೀರು ತೆಗೆಸಿದ ಮೇಲೆ ಮತ್ತೆ ಊತ

ಎಲ್ಲರಿಗೂ ನಮಸ್ಕಾರ. ಸೂಜಿ ಹಾಕಿ ಮಂಡಿಯ ನೀರು ತೆಗೆಸಿಕೊಂಡವರು ಇಲ್ಲಿದ್ದರೆ ದಯವಿಟ್ಟು ನಿಮ್ಮ ಅನುಭವ ಹೇಳಿ.

ನನ್ನ ಬಲಮಂಡಿ ಎಷ್ಟು ಊದಿತ್ತೆಂದರೆ ಚಿಪ್ಪು ಎಲ್ಲಿದೆ ಅಂತಲೇ ಗೊತ್ತಾಗ್ತಿರಲಿಲ್ಲ. ಬೆರಳಿಂದ ಒತ್ತಿದರೆ ನೀರಿನ ಮೇಲಿನ ಬೆಂಡಿನ ಹಾಗೆ ಒಳಗಿಳಿದು ಮೇಲೆ ಬರೋದು. ಹತ್ತು ದಿನದ ಹಿಂದೆ ಡಾಕ್ಟರು ಮೊದಲು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಚಿಪ್ಪಿನ ಪಕ್ಕದಿಂದ ಸೂಜಿ ಹಾಕಿ 40 ಎಂಎಲ್ ತೆಗೆದರು. ನೋವಿಗಿಂತ ಹೆದರಿಕೆಯೇ ಜಾಸ್ತಿ. ನಾನಂತೂ ಗೋಡೆ ಕಡೆ ತಿರುಗಿ ಮಲಗಿದ್ದೆ. ಕೊನೆಗೆ ಸಿರಿಂಜ್ ನೋಡಿದೆ: ಹಳದಿ ಬಣ್ಣ, ಸ್ವಲ್ಪ ಮಬ್ಬು. ಅವತ್ತು ಸಂಜೆಯೇ ಕಾಲು ಮಡಚೋಕೆ ಬಂತು.

ಲ್ಯಾಬ್ ರಿಪೋರ್ಟಿನಲ್ಲಿ ಸೋಂಕಿಲ್ಲ, ಗೌಟ್ ಅನ್ನೋ ಕೀಲುನೋವು ತರುವ ಯೂರಿಕ್ ಆಸಿಡ್ ಹರಳೂ ಇಲ್ಲ. ಆದರೆ ಈಗ ಮತ್ತೆ ಅರ್ಧದಷ್ಟು ತುಂಬಿದೆ. ಜ್ವರವಿಲ್ಲ, ಮಂಡಿ ಕೆಂಪಾಗಿಲ್ಲ, ಬಿಸಿಯೂ ಇಲ್ಲ. (ಹಾಗೇನಾದರೂ ಆದರೆ ಅವತ್ತೇ ಓಡಿ ಬನ್ನಿ ಅಂದಿದ್ದಾರೆ.) "ಒಂದ್ಸಲ ತೆಗೆಸಿದರೆ ಅದೇ ಅಭ್ಯಾಸ ಆಗುತ್ತೆ" ಅಂತ ಮನೆಯಲ್ಲಿ ಎಲ್ಲರೂ ಬೈತಿದ್ದಾರೆ. ಡಾಕ್ಟರು ಹೇಳೋದು ಬೇರೆ: ತೆಗೆದಿದ್ದರಿಂದ ಅಲ್ಲ, ಒಳಗಿನ ಉರಿಯೂತ ಹಾಗೇ ಇರೋದರಿಂದ ತುಂಬುತ್ತೆ. ನನಗೆ ಅದೇ ಸರಿ ಅನ್ನಿಸುತ್ತೆ.

ಈ ಸಲ ನೀರು ತೆಗೆದು, ಉರಿಯೂತ ಇಳಿಸೋಕೆ ಅಲ್ಲೇ ಸ್ಟೀರಾಯ್ಡ್ ಇಂಜೆಕ್ಷನ್ ಹಾಕೋಣ ಅಂತಿದ್ದಾರೆ. ನನಗೆ ಸಕ್ಕರೆ ಕಾಯಿಲೆ ಇದೆ, ಅದರಿಂದ ಕೆಲವು ದಿನ ಶುಗರ್ ಏರಬಹುದಂತೆ. ಹೀಗೆ ಹಾಕಿಸಿಕೊಂಡ ಸಕ್ಕರೆ ಕಾಯಿಲೆಯವರು ಯಾರಾದರೂ ಇದ್ದೀರಾ? ಶುಗರ್ ಎಷ್ಟು ದಿನಕ್ಕೆ ಇಳಿಯಿತು? ಊತ ಎಷ್ಟು ತಿಂಗಳು ತಡೆಯಿತು? ಮೆಟ್ಟಿಲು ಹತ್ತೋಕೆ ಯಾವಾಗ ಶುರು ಮಾಡಿದಿರಿ?

ಎಣ್ಣೆ, ಲೇಪದ ಸಲಹೆ ಸದ್ಯಕ್ಕೆ ಬೇಡ, ಆಗಲೇ ಸಾಕಷ್ಟು ಬಂದಿವೆ.